ಶಕ್ತಿತಸ್ತಪ: ರೋಗಪೀಡಿತಳಾದ ಅಜ್ಜಿಯ ವ್ರತ



ಭಾದ್ರಪದ ಮಾಸವು ಸಮೀಪಿಸಿತೆಂದರೆ ಎಷ್ಟೋ ಶ್ರಾವಕರ ಮನೆಗಳಲ್ಲಿ ಒಂದು ಪ್ರಶ್ನೆ ತಲೆಯೆತ್ತುವುದುಂಟು. ಮೂವತ್ತು ನಾಲ್ವತ್ತು ವರ್ಷಗಳ ಕಾಲ ಅಷ್ಟಮಿ ಚತುರ್ದಶಿಗಳನ್ನು ತಪ್ಪದೆ ಆಚರಿಸಿಕೊಂಡು ಬಂದ ಮನೆಯ ಹಿರಿಯಳು ಈಗ ಮಧುಮೇಹಕ್ಕೋ ಹೃದ್ರೋಗಕ್ಕೋ ಒಳಗಾಗಿ, ವೇಳೆವೇಳೆಗೆ ಔಷಧವನ್ನೂ ಅದರ ಬೆನ್ನಿಗೇ ಆಹಾರವನ್ನೂ ಸ್ವೀಕರಿಸಬೇಕಾದ ಸ್ಥಿತಿಯಲ್ಲಿರುತ್ತಾಳೆ. ಆಕೆ ಉಪವಾಸ ಮಾಡಬಹುದೇ? ಮಕ್ಕಳು ಕೂಡದೆನ್ನುತ್ತಾರೆ; ಆಕೆ ಕೇಳುವುದಿಲ್ಲ. ಮಾತಿಗೆ ಮಾತು ಬೆಳೆದು, ಉತ್ತಮ ಕ್ಷಮೆಯಿಂದ ಆರಂಭವಾಗಬೇಕಾದ ದಶಲಕ್ಷಣ ಪರ್ವವು ಕೋಪದಿಂದಲೇ ಆರಂಭವಾಗುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ಈ ದೇಶದ ಮಧುಮೇಹಿಗಳ ಸಂಖ್ಯೆಯೇ 10 ಕೋಟಿಯನ್ನು ಮೀರಿದೆ. ಆದುದರಿಂದ ಇದು ಯಾವುದೋ ಒಂದೆರಡು ಮನೆಗಳ ಸಮಸ್ಯೆಯೆಂದು ತಳ್ಳಿಬಿಡುವಂತಿಲ್ಲ. ಆದರೂ ವಿಷಯವು ಮನಸ್ಸಿಗೆ ನಾಟಬೇಕಾದರೆ ಒಂದು ಮನೆಯ ಕಥೆಯನ್ನೇ ನೋಡುವುದು ಮೇಲು.

ಚನ್ನರಾಯಪಟ್ಟಣದ ಸಮೀಪದ ಒಂದು ಹಳ್ಳಿಯಲ್ಲಿ ಬಾಳಿದ ಆ ತಾಯಿ 1970ರಲ್ಲಿ, ಮದುವೆಯಾಗಿ ಬಂದ ವರ್ಷವೇ, ಅತ್ತೆಯ ಕೈಯಿಂದ ಅನಂತನ ನೋಂಪಿಯನ್ನು ಹಿಡಿದಳು. 14 ವರ್ಷ ನಡೆಸಿ 1983ರಲ್ಲಿ ಉದ್ಯಾಪನೆ ಮಾಡಿದಳು. ಅಷ್ಟಮಿ ಚತುರ್ದಶಿಗಳ ಪ್ರೋಷಧವಂತೂ ಆಕೆಗೆ ಉಸಿರಾಟದಷ್ಟೇ ಸಹಜವಾಗಿತ್ತು. ಸಪ್ತಮಿಯ ಮಧ್ಯಾಹ್ನ ಏಕಭುಕ್ತ, ಅಷ್ಟಮಿ ಪೂರ್ಣ ನಿರಾಹಾರ, ನವಮಿಯ ಮಧ್ಯಾಹ್ನ ಪಾರಣೆ. ಹೀಗೆ 16 ಯಾಮಗಳು, ಇಂದಿನ ಲೆಕ್ಕದಲ್ಲಿ 48 ಗಂಟೆಗಳು. 1981ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕದ ಸಮಯದಲ್ಲಿ ಆಕೆ ಶ್ರವಣಬೆಳಗೊಳದ ವಿಂಧ್ಯಗಿರಿಯ ಆರು ನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಉಪವಾಸದಲ್ಲಿಯೇ ಹತ್ತಿ ಇಳಿದವಳು.

2003ರಲ್ಲಿ ಮಧುಮೇಹವಿರುವುದು ಗೊತ್ತಾಯಿತು. ಮೊದಲು ಮಾತ್ರೆಗಳು ಸಾಕಾದವು. 2014ರಲ್ಲಿ ವೈದ್ಯರು ಇನ್ಸುಲಿನ್ ಚುಚ್ಚುಮದ್ದನ್ನು ಹೇಳಿದಾಗ ಆಕೆ ಒಪ್ಪಲಿಲ್ಲ. ಕಾರಣವನ್ನು ಹಟವೆಂದು ಕರೆಯುವುದು ಅನ್ಯಾಯವಾದೀತು. ಆ ಔಷಧವನ್ನು ಪ್ರಾಣಿಗಳಿಂದ ತೆಗೆಯುತ್ತಾರೆಂದು ಆಕೆ ಬಹಳ ಹಿಂದೆಯೇ ಕೇಳಿದ್ದಳು. ಕೇಳಿದ್ದು ಸುಳ್ಳೂ ಆಗಿರಲಿಲ್ಲ. 1922ರಲ್ಲಿ ಕೆನಡಾ ದೇಶದ ಟೊರೊಂಟೊ ನಗರದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನಿಗೆ ಇನ್ಸುಲಿನ್ ಕೊಟ್ಟಂದಿನಿಂದ ಆರು ದಶಕಗಳ ಕಾಲ ಅದನ್ನು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ಪಡೆಯುತ್ತಿದ್ದರು. 1982ರ ಅನಂತರ ಮಾನವ ಇನ್ಸುಲಿನ್ನನ್ನು ಸೂಕ್ಷ್ಮಾಣುಗಳ ಮೂಲಕ ತಯಾರಿಸುವ ವಿಧಾನ ಬಳಕೆಗೆ ಬಂದು, ಇಂದು ಬಹುಪಾಲು ಅದೇ ದೊರೆಯುತ್ತದೆ. ಏಕೇಂದ್ರಿಯ ಜೀವಗಳ ಪ್ರಶ್ನೆ ಅಲ್ಲಿಯೂ ಉಳಿಯುವುದಾದರೂ ಗೃಹಸ್ಥನ ಅಹಿಂಸಾಣುವ್ರತವು ತ್ರಸಜೀವಗಳ ಸಂಕಲ್ಪೀ ಹಿಂಸೆಯನ್ನು ಬಿಡಿಸುವಂಥದು. ಸಾಧುಗಳ ಮಹಾವ್ರತವನ್ನು ಒಲೆ ಹೊತ್ತಿಸುವ ಮನೆಯವರ ಮೇಲೆ ಹೇರಲಾಗದು. ಇಷ್ಟನ್ನು ಯಾರಾದರೂ ಆಕೆಗೆ ಕುಳಿತು ವಿವರಿಸಿದ್ದರೆ ಒಂದು ವರ್ಷ ವ್ಯರ್ಥವಾಗುತ್ತಿರಲಿಲ್ಲ. ಮಕ್ಕಳು "ಅದೆಲ್ಲ ನಿನಗೇಕೆ, ಸುಮ್ಮನೆ ಚುಚ್ಚಿಸಿಕೋ" ಎಂದರು. ಕೊನೆಗೆ ಔಷಧದಂಗಡಿಯ ಹುಡುಗನೊಬ್ಬ ಡಬ್ಬಿಯ ಮೇಲಿನ ಅಕ್ಷರಗಳನ್ನು ಓದಿ ಹೇಳಿದ ಮೇಲೆ ಆಕೆ ಒಪ್ಪಿದಳು. ಹಿರಿಯರಿಗೆ ಕಾರಣವನ್ನು ಹೇಳುವುದೂ ಒಂದು ವಿನಯವೇ ಎಂಬುದು ವಿದ್ಯಾವಂತರಾದ ಮಕ್ಕಳಿಗೆ ಹೊಳೆಯದಿರುವುದು ವಿಷಾದದ ಸಂಗತಿ.

2015ರಲ್ಲಿ ಯಜಮಾನರು ತೀರಿಕೊಂಡರು. ಆಕೆ ಹಳ್ಳಿಯ ಮನೆಗೆ ಬೀಗ ಹಾಕಿ ಮೈಸೂರಿನಲ್ಲಿ ಮಗನ ಮನೆಗೆ ಬಂದಳು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಸೊಸೆ ಕೆಟ್ಟವಳಲ್ಲ, ಮಗನೂ ಅಲ್ಲ. ಆದರೆ ಅಡುಗೆಮನೆಯ ಒಡೆತನವಿಲ್ಲದ, ಕಣ್ಣಿನ ದೃಷ್ಟಿ ವರ್ಷ ವರ್ಷಕ್ಕೆ ಮಸುಕಾಗುತ್ತಿರುವ, ಅಂಗಾಲಿನಲ್ಲಿ ಸ್ಪರ್ಶಜ್ಞಾನ ಕಳೆದುಕೊಂಡ ಮುದುಕಿಗೆ ತನ್ನದೆಂದು ಹೇಳಿಕೊಳ್ಳಲು ಉಳಿದಿದ್ದು ಆ ಉಪವಾಸವೊಂದೇ. ಇದನ್ನು ಮನೆಯವರು ಕಾಣಲಿಲ್ಲ. 2019ರಲ್ಲಿ ಕಾಲಿನ ಹುಣ್ಣೊಂದು ಮೂರು ತಿಂಗಳು ಮಾಯದೆ ಕಾಡಿದಾಗ ಮಗನು ಇನ್ನು ಮುಂದೆ ಉಪವಾಸದ ಮಾತೇ ಬೇಡವೆಂದು ಕಟ್ಟುಮಾಡಿದನು.

ಅಲ್ಲಿಂದ ಆ ಮನೆಯಲ್ಲಿ ಒಂದು ವಿಚಿತ್ರ ಕಪಟನಾಟಕ ಆರಂಭವಾಯಿತು. ಅಜ್ಜಿಗೆ ಪಂಚಾಂಗ ಓದಲು ಕಣ್ಣು ಕಾಣದು. ಪ್ರತಿ ಬೆಳಗ್ಗೆ "ಇಂದು ಯಾವ ತಿಥಿಯಮ್ಮಾ?" ಎಂದು ಸೊಸೆಯನ್ನು ಕೇಳುವಳು. ಅಷ್ಟಮಿಯಂದು ಸೊಸೆ ಸಪ್ತಮಿಯೆನ್ನುವಳು. ಮರುದಿನ, "ಅಯ್ಯೋ, ಅಷ್ಟಮಿ ನಿನ್ನೆಗೇ ಕಳೆದುಹೋಯಿತಲ್ಲಾ" ಎನ್ನುವಳು. ಕೆಲವು ತಿಂಗಳು ಹೀಗೆಯೇ ಸಾಗಿತು. ಒಂದು ದಿನ ನೆರೆಮನೆಯವರೊಡನೆ ಬಸದಿಗೆ ಹೋದಾಗ ಅಂದು ಚತುರ್ದಶಿಯೆಂಬುದು ತಿಳಿಯಿತು. ಅಜ್ಜಿ ಮನೆಗೆ ಬಂದು ಏನನ್ನೂ ಆಡಲಿಲ್ಲ. ಅಂದಿನಿಂದ ತಿಥಿಯನ್ನು ನೆರೆಮನೆಯಲ್ಲಿ ಕೇಳಿಕೊಂಡು, ಪರ್ವದ ದಿನ ತಟ್ಟೆಯ ತಿಂಡಿಯನ್ನು ಸೆರಗಿನಲ್ಲಿ ಮರೆಮಾಡಿ ಹಿತ್ತಿಲಿನಾಚೆಯ ಹಸುವಿಗೆ ಹಾಕತೊಡಗಿದಳು. "ತಿಂದೆಯಾ?" ಎಂದರೆ "ತಿಂದೆ" ಎನ್ನುವಳು. ಚುಚ್ಚುಮದ್ದನ್ನು ಮಾತ್ರ ತಪ್ಪಿಸುವಂತಿರಲಿಲ್ಲ, ಅದನ್ನು ಮಗನೇ ಕೊಡುತ್ತಿದ್ದನು.

ಇದರ ಪರಿಣಾಮವನ್ನು ಬಲ್ಲವರು ಬಲ್ಲರು. ಇನ್ಸುಲಿನ್ ದೇಹದೊಳಗೆ ಹೋದ ಮೇಲೆ ಆಹಾರ ಹೋಗದಿದ್ದರೆ ರಕ್ತದಲ್ಲಿನ ಸಕ್ಕರೆಯ ಅಂಶ ಕುಸಿಯುತ್ತದೆ. ಅದು ಪ್ರತಿ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತಗಳು ತೋರುತ್ತವೆ. ಇನ್ನೂ ಇಳಿದರೆ ಬುದ್ಧಿ ಮಂಕಾಗಿ ಮಾತು ತೊದಲುತ್ತದೆ. ಕೊನೆಗೆ ಪ್ರಜ್ಞೆ ತಪ್ಪುತ್ತದೆ, ಪ್ರಾಣಾಪಾಯವೂ ಉಂಟಾಗಬಹುದು. ಮುದುಕರಲ್ಲಿ ಕೆಲವೊಮ್ಮೆ ಮೊದಲಿನ ಲಕ್ಷಣಗಳು ಕಾಣದೆ ನೇರವಾಗಿ ಮಂಕೇ ಕವಿಯುವುದರಿಂದ ಮನೆಯವರು ಅದನ್ನು ವೃದ್ಧಾಪ್ಯದ ಮರೆವೆಂದು ಭ್ರಮಿಸುತ್ತಾರೆ. 2022ರ ಭಾದ್ರಪದ ಶುಕ್ಲ ಅಷ್ಟಮಿಯಂದು ನಡೆದುದು ಇದೇ. ಅಂದು ಭಾನುವಾರವಾದುದರಿಂದ ಮಕ್ಕಳು ಮನೆಯಲ್ಲಿದ್ದುದೇ ಪುಣ್ಯ. ಹನ್ನೊಂದು ಗಂಟೆಯ ಹೊತ್ತಿಗೆ ಕಿರಿಯ ಮೊಮ್ಮಗಳು ಜಪಮಾಲೆ ಕೊಡಲು ಹೋದಾಗ ಅಜ್ಜಿ ಬೆವರಿನಿಂದ ತೊಯ್ದು, ಗೋಡೆಗೊರಗಿ, ಮೊಮ್ಮಗಳನ್ನು ತನ್ನ ಸತ್ತುಹೋದ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು. ಇನ್ನೂ ನುಂಗುವ ಶಕ್ತಿ ಇದ್ದುದರಿಂದ ಸೊಸೆ ಸಕ್ಕರೆಯ ನೀರನ್ನು ಸ್ವಲ್ಪಸ್ವಲ್ಪವಾಗಿ ಕುಡಿಸಿದಳು. ಪ್ರಜ್ಞೆ ತಪ್ಪಿದವರ ಬಾಯಿಗೆ ಹಾಗೆ ಹಾಕಬಾರದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ಅಜ್ಜಿಗೆ ಎಚ್ಚರ ತಿಳಿಯಾಯಿತು. ಬಾಯಲ್ಲಿ ಸಿಹಿ ಹತ್ತಿದ್ದನ್ನು ಅರಿತು ಆಕೆ ಅತ್ತಳು.

"ನನ್ನ ಉಪವಾಸ ಕೆಡಿಸಿದಿರಿ."

"ನೀವು ನನಗೆ ಸುಳ್ಳು ಹೇಳಿದಿರಿ" ಎಂದಳು ಸೊಸೆ.

"ಮೊದಲು ಹೇಳಿದವಳು ಯಾರು? ತಿಥಿಯನ್ನೇ ಕದ್ದವಳು ನೀನು."

ಈ ಮೂರು ವಾಕ್ಯಗಳಲ್ಲಿ ಇಡೀ ವಿಷಯ ಅಡಗಿದೆ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಸತ್ಯವು ಅಣುವ್ರತ, ಅಂದರೆ ಮೂಲ. ಪ್ರೋಷಧೋಪವಾಸವು ಶಿಕ್ಷಾವ್ರತ, ಅಂದರೆ ಆ ಮೂಲವನ್ನು ಕಾಯುವ ಬೇಲಿ. ಮನೆಯವರು ದೇಹವನ್ನು ಉಳಿಸಲು ಸುಳ್ಳನ್ನು ಹೇಳಿದರು. ಅಜ್ಜಿ ಉಪವಾಸವನ್ನು ಉಳಿಸಲು ಸುಳ್ಳನ್ನು ಹೇಳಿದಳು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಮೂರು ವರ್ಷ ಆ ಮನೆಯಲ್ಲಿ ಉಪವಾಸವೂ ನಡೆಯಿತು, ಶುಶ್ರೂಷೆಯೂ ನಡೆಯಿತು; ಎರಡರ ಬುಡದಲ್ಲಿಯೂ ಮಾಯಾಕಷಾಯವೆಂಬ ಗೆದ್ದಲು ಕುಳಿತಿತ್ತು. ಅನ್ನವನ್ನು ಬಿಟ್ಟರೂ ಕಷಾಯವನ್ನು ಬಿಡದ ದಿನವನ್ನು ಆಚಾರ್ಯರು ಉಪವಾಸವೆಂದು ಒಪ್ಪುವುದಿಲ್ಲ.

ಆ ವರ್ಷ ಊರಿನ ಬಸದಿಯಲ್ಲಿ ಆರ್ಯಿಕಾ ಮಾತಾಜಿಯವರೊಬ್ಬರ ಚಾತುರ್ಮಾಸ ನಡೆಯುತ್ತಿತ್ತು. ಎರಡು ದಿನಗಳ ತರುವಾಯ ಅಜ್ಜಿ ಪ್ರಾಯಶ್ಚಿತ್ತವನ್ನು ಕೇಳಲು ಹೊರಟಳು. ಸೊಸೆಯೂ ಹಿಂದೆ ನಡೆದಳು, ಯಾರೂ ಕರೆದಿರಲಿಲ್ಲ. ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ಮಾಡಿದ ದೋಷವನ್ನು ಮರೆಮಾಚದೆ ನಿವೇದಿಸುವುದು. ಅಜ್ಜಿ ಉಪವಾಸ ಮುರಿದ ದೋಷವನ್ನು ಹೇಳಿದಳು. ಮಾತಾಜಿಯವರು ಸುಮ್ಮನಿದ್ದು, "ಇನ್ನೂ ಇದೆಯೇ?" ಎಂದರು. ಬಹಳ ಹೊತ್ತಿನ ಮೇಲೆ ಹಸುವಿಗೆ ಹಾಕಿದ ತಿಂಡಿಯ ವಿಷಯ ಹೊರಬಂದಿತು. ಆಗ ಸೊಸೆಯೂ ತಿಥಿಯ ವಿಷಯವನ್ನು ತಾನಾಗಿಯೇ ಹೇಳಿದಳು.

ಅಜ್ಜಿಗೆ ಬೇರೊಂದು ಯೋಚನೆಯೂ ಇದ್ದಿತು. "ಉಪವಾಸವೂ ಆಗದ ಈ ದೇಹ ಇನ್ನೇಕೆ? ನನಗೆ ಸಲ್ಲೇಖನೆಯನ್ನು ಕೊಟ್ಟುಬಿಡಿ" ಎಂದು ಬೇಡಿದಳು. ಇಲ್ಲಿ ಮಾತಾಜಿಯವರು ಸ್ವಾಮಿ ಸಮಂತಭದ್ರರ ವೃತ್ತಾಂತವನ್ನು ನೆನಪಿಸಿದರು. ಅದು ದೇವಚಂದ್ರನ ರಾಜಾವಳೀಕಥೆಯಲ್ಲಿಯೂ ಬರುವುದರಿಂದ ಕನ್ನಡಿಗರಿಗೆ ಅಪರಿಚಿತವಲ್ಲ. ಮುನಿಗಳಾಗಿದ್ದ ಸಮಂತಭದ್ರರಿಗೆ ಭಸ್ಮಕವ್ಯಾಧಿ ಅಂಟಿತಂತೆ. ತಿಂದುದೆಲ್ಲ ಕ್ಷಣದಲ್ಲಿ ಭಸ್ಮವಾಗುವ ಆ ರೋಗದಲ್ಲಿ ಮುನಿಯ ಮಿತಾಹಾರವು ಸಾಲದೆ, ವ್ರತವೂ ಉಳಿಯದೆ, ಅವರು ಗುರುಗಳಲ್ಲಿ ಸಲ್ಲೇಖನೆಗೆ ಅನುಜ್ಞೆಯನ್ನು ಬೇಡಿದರು. ಗುರುಗಳು ಕೊಡಲಿಲ್ಲ. ಮುನಿದೀಕ್ಷೆಯನ್ನು ಬಿಟ್ಟಾದರೂ ಹೊಟ್ಟೆ ತುಂಬ ಉಂಡು ರೋಗವನ್ನು ಕಳೆದುಕೊಂಡು ಬಾ, ನಿನ್ನಿಂದ ಆಗಬೇಕಾದ ಧರ್ಮಕಾರ್ಯವಿದೆ ಎಂಬ ಅರ್ಥದ ಅಪ್ಪಣೆಯನ್ನಿತ್ತರು. ಅವರು ವೇಷವನ್ನು ಬದಲಿಸಿ ಶಿವಾಲಯವೊಂದರ ನೈವೇದ್ಯವನ್ನು ಉಂಡು ಗುಣವಾಗಿ, ಮರಳಿ ದೀಕ್ಷೆಯನ್ನು ಸ್ವೀಕರಿಸಿದರೆಂದು ಕಥೆ ಹೇಳುತ್ತದೆ. ವಿಚಾರ ಮಾಡಬೇಕು: ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಬಂದಾಗ ಧರ್ಮಕ್ಕಾಗಿ ದೇಹವನ್ನು ಬಿಡುವುದು ಸಲ್ಲೇಖನೆಯೆಂದು ರತ್ನಕರಂಡಕ ಶ್ರಾವಕಾಚಾರದಲ್ಲಿ ಲಕ್ಷಣ ಕಟ್ಟಿದವರು ಇದೇ ಸಮಂತಭದ್ರರು. ಪ್ರತೀಕಾರವಿಲ್ಲದ ಎಂಬ ಆ ಒಂದು ವಿಶೇಷಣವನ್ನು ಅವರು ಸುಮ್ಮನೆ ಇಟ್ಟಿರಲಾರರು. ಬೆಳಗ್ಗೆ ಒಂದು ಚುಚ್ಚುಮದ್ದು, ವೇಳೆಗೆ ಸರಿಯಾಗಿ ಊಟ. ಇಷ್ಟರಿಂದ ನಿಲ್ಲುವ ರೋಗವು ಪ್ರತೀಕಾರವಿಲ್ಲದ್ದಲ್ಲ. ಬೇಸರವೂ ಸಲ್ಲೇಖನೆಗೆ ಕಾರಣವಲ್ಲ.

ತೀರ್ಥಂಕರ ನಾಮಕರ್ಮದ ಬಂಧಕ್ಕೆ ಕಾರಣವಾದ ಹದಿನಾರು ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ಶಕ್ತಿತಃ ಎಂಬ ಮಾತನ್ನು ಮುಂದಿಟ್ಟಿದ್ದಾರೆ. ಇದ್ದ ಶಕ್ತಿಯನ್ನು ಬಚ್ಚಿಡಬಾರದು. ಇಲ್ಲದ ಶಕ್ತಿಯನ್ನು ನಟಿಸಲೂಬಾರದು. ಮೊದಲಿನ ದೋಷವನ್ನು ಎಲ್ಲರೂ ಗುರುತಿಸುತ್ತಾರೆ. ಎರಡನೆಯದಕ್ಕೆ ಸಮಾಜದಲ್ಲಿ ಹಾರ ತುರಾಯಿಗಳು ಸಿಕ್ಕುವುದರಿಂದ ಅದು ದೋಷವೆಂದು ತೋರುವುದೇ ಇಲ್ಲ. ಇದಲ್ಲದೆ ಬಾಹ್ಯ ತಪಸ್ಸು ಆರು ವಿಧ. ಅನಶನವು ಅದರಲ್ಲಿ ಒಂದು ಮಾತ್ರ. ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ ಮೊದಲಾದ ಉಳಿದವು ಯಾರ ಕಣ್ಣಿಗೂ ಬೀಳುವುದಿಲ್ಲ. ಅವುಗಳಿಗೆ ಪಾರಣೆಯ ಸಡಗರವಿಲ್ಲ, ಮೆರವಣಿಗೆಯಿಲ್ಲ.

ಮಾತಾಜಿಯವರು ಅಜ್ಜಿಗೆ ಅನಶನವನ್ನು ನಿಷೇಧಿಸಿ, ಅವಮೌದರ್ಯವನ್ನು ಕೊಟ್ಟರು. ಪೂರ್ಣಾಹಾರವೆಂದರೆ ಪುರುಷನಿಗೆ 32 ತುತ್ತು, ಸ್ತ್ರೀಗೆ 28 ತುತ್ತು ಎಂಬುದು ಪೂರ್ವಾಚಾರ್ಯರ ಲೆಕ್ಕ. ಅದಕ್ಕಿಂತ ಕಡಿಮೆ ಉಣ್ಣುವುದು ಅವಮೌದರ್ಯ. ವೈದ್ಯರನ್ನು ಕೇಳಿ, ದಿನವೂ ಅದೇ ಹೊತ್ತಿಗೆ 24 ತುತ್ತು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮಗನು ಈ ಲೆಕ್ಕವನ್ನು ವೈದ್ಯರ ಮುಂದಿಟ್ಟಾಗ ಅವರು ನಕ್ಕು, ತಾವು ಎಂಟು ವರ್ಷದಿಂದ ಹೇಳುತ್ತಿದ್ದುದು ಇದನ್ನೇ ಎಂದರಂತೆ. ಒಂದು ದಿನ ನಿರಾಹಾರ, ಮರುದಿನ ಪಾರಣೆಯ ಪಾಯಸವೆಂಬ ಏರಿಳಿತವೇ ಈ ರೋಗಕ್ಕೆ ಶತ್ರು, ಸಮಪ್ರಮಾಣವೇ ಮಿತ್ರ. ಸಿಹಿಯನ್ನು ಬಿಟ್ಟಿದ್ದು ವ್ರತವಾಯಿತೇ ಎಂದು ಅಜ್ಜಿ ಕೇಳಿದಳು. ವೈದ್ಯರ ಭಯದಿಂದ ಬಿಟ್ಟು ಮನಸ್ಸಿನಲ್ಲಿ ಮೆಲ್ಲುತ್ತಿದ್ದರೆ ಅದು ಅಕಾಮನಿರ್ಜರೆಯ ಸಾಲಿಗೆ ಸೇರೀತು. ಬಿಟ್ಟುದನ್ನು ಒಪ್ಪಿಕೊಂಡು ಬಿಟ್ಟರೆ ರಸಪರಿತ್ಯಾಗ. ಪದಾರ್ಥ ಒಂದೇ, ಭಾವ ಬೇರೆ.

ಕಠಿನವಾದುದು ರಾತ್ರಿಭೋಜನ ತ್ಯಾಗದ ಪ್ರಶ್ನೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸಿ, ಸೂರ್ಯೋದಯವಾಗಿ ಎರಡು ಘಳಿಗೆ ಕಳೆದ ಮೇಲೆ ಬಾಯಿ ತೆರೆಯುವ ಮನೆಗಳಲ್ಲಿ ಚಳಿಗಾಲದ ರಾತ್ರಿಯ ಅಂತರ 14 ಗಂಟೆಗಳನ್ನು ಮುಟ್ಟುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಅಲ್ಪಕಾಲವಲ್ಲ. ಈ ನಿಯಮವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಅವರು ಔಷಧದ ಬಗೆಯನ್ನೂ ವೇಳೆಯನ್ನೂ ಅದಕ್ಕೆ ಹೊಂದಿಸಬಲ್ಲರು. ತಿಳಿಸದೆ ಎಲ್ಲರಂತೆ ಒಂಬತ್ತು ಗಂಟೆಗೆ ಉಣ್ಣುವವರೆಂದು ಅವರು ಊಹಿಸಿದರೆ ತಪ್ಪು ಅವರದಲ್ಲ. ಇಷ್ಟಾದರೂ ನಡುರಾತ್ರಿ ಸಕ್ಕರೆ ಇಳಿದರೆ? ಚತುರ್ವಿಧ ಆಹಾರವನ್ನೂ ರಾತ್ರಿ ಸಂಪೂರ್ಣವಾಗಿ ಬಿಡುವುದು ಆರನೆಯ ಪ್ರತಿಮೆಯವರ ವಿಧಿ. ಸಾಮಾನ್ಯ ಶ್ರಾವಕರು ಔಷಧವನ್ನೂ ನೀರನ್ನೂ ಹೊರತುಪಡಿಸಿ ನಿಯಮ ಹಿಡಿಯುವುದು ಹಿಂದಿನಿಂದಲೂ ಇದೆ. ಮೊದಲೇ ಬಾಯಿಬಿಟ್ಟು ಹೇಳಿ ಹೊರತುಪಡಿಸಿದ್ದು ವ್ರತದ ಮೇರೆಯಾಗುತ್ತದೆ. ಆಮೇಲೆ ಅಂಜಿ ತಿಂದದ್ದು ವ್ರತಭಂಗವಾಗುತ್ತದೆ. ಆದುದರಿಂದ ರೋಗಿಗಳು ಯಾವಜ್ಜೀವದ ಯಮಕ್ಕಿಂತ ಕಾಲಾವಧಿಯುಳ್ಳ ನಿಯಮವನ್ನು ಹಿಡಿಯುವುದೇ ಯುಕ್ತ. ಅಜ್ಜಿಯ ಹಾಸಿಗೆಯ ಬಳಿ ಸಕ್ಕರೆಯ ಡಬ್ಬಿಯೊಂದು ಔಷಧವೆಂಬ ಹೆಸರಿನಲ್ಲಿ ಬಂದು ಕುಳಿತಿತು. ಇಂಥ ಸಮಯಕ್ಕೆ ಜೇನುತುಪ್ಪವನ್ನು ಸೂಚಿಸುವ ವೈದ್ಯರುಂಟು. ಸಕ್ಕರೆಯೂ ಅದೇ ಕೆಲಸವನ್ನು ಮಾಡುವುದರಿಂದ ಮಧುತ್ಯಾಗವುಳ್ಳವರು ಚಿಂತಿಸಬೇಕಾಗಿಲ್ಲ.

ಸೊಸೆಗೆ ಕೊಟ್ಟ ಪ್ರಾಯಶ್ಚಿತ್ತ ವೈಯಾವೃತ್ತ್ಯ. ಅದು ಅಂತರಂಗ ತಪಸ್ಸು. ಬಾಹ್ಯ ತಪಸ್ಸಿಗಿಂತ ಒಂದು ಮೆಟ್ಟಿಲು ಒಳಗಿನದು. ದಿನವೂ ಮಲಗುವ ಮುನ್ನ ಅತ್ತೆಯ ಪಾದಗಳನ್ನು ತೊಳೆದು, ಒರೆಸಿ, ಬೆರಳುಗಳ ಸಂದಿನವರೆಗೆ ಗಾಯವಿದೆಯೇ ಎಂದು ನೋಡಬೇಕು. ಸ್ಪರ್ಶವಿಲ್ಲದ ಕಾಲಿಗೆ ಮುಳ್ಳು ಹೊಕ್ಕರೂ ತಿಳಿಯದೆ, ಸಣ್ಣ ಗಾಯವೇ ಕೊಳೆತು ಕಾಲನ್ನೇ ಕತ್ತರಿಸಬೇಕಾಗಿ ಬರುವ ರೋಗವಿದು. ನಿರ್ವಿಚಿಕಿತ್ಸಾ ಅಂಗಕ್ಕೆ ನಿದರ್ಶನನಾದ ಉದ್ದಾಯನ ಮಹಾರಾಜನು ರೋಗಿಮುನಿಯ ವಾಂತಿಯನ್ನು ತನ್ನ ಕೈಯಿಂದಲೇ ತೊಳೆದು, ತಾನು ಕೊಟ್ಟ ಆಹಾರದಲ್ಲೇ ದೋಷವಿದ್ದೀತೆಂದು ನೊಂದುಕೊಂಡನೇ ಹೊರತು ಮುಖ ಸಿಂಡರಿಸಲಿಲ್ಲ. ಆ ಮುನಿ ಪರೀಕ್ಷೆಗೆ ಬಂದ ದೇವನೆಂಬುದು ಅವನಿಗೆ ಆಮೇಲೆ ತಿಳಿಯಿತು. ಮನೆಗಳಲ್ಲಿ ಹಾಗೆ ದೇವತ್ವ ಪ್ರಕಟವಾಗುವುದಿಲ್ಲ. ನಾಳೆಯೂ ಅದೇ ಪಾದ, ಅದೇ ನೀರು. ಆದುದರಿಂದ ಸೊಸೆಯ ಕೆಲಸ ರಾಜನದಕ್ಕಿಂತ ಸುಲಭವೆಂದು ಹೇಳಲು ಬಾರದು.

ಆದರೆ ಹೆಚ್ಚು ಕಷ್ಟಪಟ್ಟವಳು ಅಜ್ಜಿಯೇ. ಮೊದಲ ವಾರ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. ಮನೆಯ ಯಜಮಾನಿಯಾಗಿ ಐವತ್ತು ವರ್ಷ ಬಡಿಸಿದವಳಿಗೆ ಬಡಿಸಿಕೊಳ್ಳುವುದು ಸುಲಭವಲ್ಲ. ಸೇವೆಯನ್ನು ಸ್ವೀಕರಿಸುವಾಗ ಕರಗಬೇಕಾದುದು ಮಾನಕಷಾಯ. ರೋಗಿಯನ್ನು ನೋಡಲು ಬಂದ ಬಂಧುಗಳು ಇದನ್ನು ಅರಿಯದೆ, "ಅಸಾತಾವೇದನೀಯದ ಉದಯ, ಅನುಭವಿಸಲೇಬೇಕು" ಎಂದು ಉಪದೇಶಿಸಿ ಕಾಫಿ ಕುಡಿದು ಹೋಗುವುದುಂಟು. ಸಿದ್ಧಾಂತ ಸರಿಯೇ. ತನ್ನ ನೋವಿಗೆ ತಾನು ಹೇಳಿಕೊಂಡರೆ ಅದು ರೋಗಪರೀಷಹ ಜಯಕ್ಕೆ ಮದ್ದು. ಇನ್ನೊಬ್ಬರ ನೋವಿಗೆ ಹೇಳಿದರೆ ಬರಿಯ ಚುಚ್ಚುಮಾತು.

2018ರ ಮಹಾಮಸ್ತಕಾಭಿಷೇಕಕ್ಕೆ ಹೋಗಿದ್ದಾಗ ಅಜ್ಜಿ ಬೆಟ್ಟ ಹತ್ತಲಾಗದೆ ಕೆಳಗೇ ಕುಳಿತು ಅತ್ತಿದ್ದಳು. ಚಾತುರ್ಮಾಸ ಮುಗಿದ ಮೇಲೆ ಮೊಮ್ಮಗಳಿಗೆ ಗುಳ್ಳಕಾಯಜ್ಜಿಯ ಕಥೆಯನ್ನು ಹೇಳುವಾಗ ಅದೇ ನೆನಪಾಯಿತು. ಚಾವುಂಡರಾಯನ ಕೊಡಗಟ್ಟಲೆ ಹಾಲು ಗೊಮ್ಮಟನ ನಡುವಿನಿಂದ ಕೆಳಗಿಳಿಯದಾಗ ಮುದುಕಿಯೊಬ್ಬಳ ಗುಳ್ಳಕಾಯಿಯ ಹಾಲು ಪಾದದವರೆಗೆ ಹರಿಯಿತೆಂಬ ಕಥೆ. "ಅವಳೂ ಬೆಟ್ಟ ಹತ್ತಿದಳಲ್ಲಾ ಅಜ್ಜೀ" ಎಂದಿತು ಮಗು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹತ್ತಿದಳು. ಆದರೆ ಕೊಡ ಹೊರಲಿಲ್ಲ" ಎಂದಳು.

ಈಗ ಪ್ರತಿ ಬೆಳಗ್ಗೆ ತಿಥಿಯನ್ನು ಮೊಮ್ಮಗಳು ಓದಿ ಹೇಳುತ್ತಾಳೆ. ಅಷ್ಟಮಿಯೆಂದರೆ ಅಷ್ಟಮಿಯೇ. ಅಂದು ಅಜ್ಜಿ ಉಪ್ಪನ್ನೂ ತುಪ್ಪವನ್ನೂ ಬಿಟ್ಟು 24 ತುತ್ತು ಉಣ್ಣುತ್ತಾಳೆ. ಮಧ್ಯಾಹ್ನ ಒಂದು ಗಂಟೆ ಮೌನ, ಸಂಜೆ ಮೊಮ್ಮಗಳಿಂದ ಸ್ವಾಧ್ಯಾಯ. ಮಗನು ತಾನೇ ಚತುರ್ದಶಿಯಂದು ಏಕಭುಕ್ತವನ್ನು ಆರಂಭಿಸಿದ್ದಾನೆ. ಅದು ತಾಯಿಯ ಬದಲಿಗೋ ಎಂದು ಯಾರೋ ಕೇಳಿದರು. ಒಬ್ಬರ ಕರ್ಮವನ್ನು ಮತ್ತೊಬ್ಬರು ಸವೆಸಲಾಗದೆಂಬುದು ಅವನಿಗೆ ಗೊತ್ತಿದೆ.

2023ರ ಕಾರ್ತಿಕ ಮಾಸದ ಒಂದು ರಾತ್ರಿ, ಎರಡು ಗಂಟೆಯ ಸಮಯ. ಸೊಸೆಯ ಕೋಣೆಯ ಬಾಗಿಲನ್ನು ಯಾರೋ ಮೆಲ್ಲನೆ ತಟ್ಟಿದರು. ಎಂಟು ವರ್ಷಗಳಲ್ಲಿ ಆ ಮನೆಯ ಯಾರನ್ನೂ ನಿದ್ದೆಯಿಂದ ಎಬ್ಬಿಸದವಳು ಗೋಡೆ ಹಿಡಿದು ನಿಂತಿದ್ದಳು.

"ಬೆವರುತ್ತಿದೆಯಮ್ಮಾ. ಏಳು."

ಯಂತ್ರವು 58 ಎಂದು ತೋರಿಸಿತು. ಡಬ್ಬಿಯಿಂದ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟದ್ದಾಯಿತು. ಹದಿನೈದು ನಿಮಿಷ ಕಾದು ಮತ್ತೆ ನೋಡಬೇಕೆಂದು ವೈದ್ಯರು ಹೇಳಿದ್ದರು. ಅಷ್ಟು ಹೊತ್ತು ಅತ್ತೆ ಸೊಸೆಯರು ಮಂಚದ ಮೇಲೆ ಜೊತೆಯಾಗಿ ಕುಳಿತು ಪಂಚನಮಸ್ಕಾರವನ್ನು ಎಣಿಸಿದರು. ಜಪಮಾಲೆ ಅಜ್ಜಿಯ ಕೈಯಲ್ಲಿ, ಅಜ್ಜಿಯ ಪಾದ ಸೊಸೆಯ ಮಡಿಲಿನಲ್ಲಿ. ಮಾಲೆ ಒಂದು ಸುತ್ತು ಬಂದ ಮೇಲೆ ನೋಡಿದರೆ 96. ಅಜ್ಜಿ ಬಾಯಿ ಮುಕ್ಕಳಿಸಿ ಮಲಗಿದಳು. ಸೊಸೆ ಡಬ್ಬಿಯ ಮುಚ್ಚಳವನ್ನು ಹಾಕಿ ದೀಪವನ್ನು ಆರಿಸಿದಳು.